ಕೆ.ಜಿ.ಎಫ್‌ನಿಂದ ಯುದ್ಧಕ್ಕೆ ಹೋಗಿ ಮಡಿದ ಯೋಧನ ದಾಖಲೆ ಹುಡುಕುವುದು ಹೇಗೆ?

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಚಾಂಪಿಯನ್ ರೀಫ್, ಊರಿಗಾಂ, ಮಾರಿಕುಪ್ಪಂಗಳ ಲೈನ್ ಮನೆಗಳಿಂದ ಚದುರಿಹೋದ ಕುಟುಂಬಗಳ ಮಕ್ಕಳು ಈಗ, ಎರಡನೇ ಮಹಾಯುದ್ಧಕ್ಕೆ ಹೋಗಿ ಹಿಂದಿರುಗದ ಅಜ್ಜನ ತಮ್ಮನನ್ನೋ ದೊಡ್ಡಪ್ಪನನ್ನೋ ಹುಡುಕತೊಡಗಿದ್ದಾರೆ. ಆದರೆ ಅಂತರ್ಜಾಲದಲ್ಲಿ ಹೆಸರು ಹಾಕಿ, ಮೊದಲು ಸಿಕ್ಕಿದವನನ್ನೇ ನಮ್ಮವನೆಂದು ನಂಬಿ, ಅವನ ಸ್ಮರಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರನ್ನು ಮತ್ತೆ ಮತ್ತೆ ಕಂಡಿದ್ದೇನೆ. ಇನ್ನೊಂದು ಮನೆಯ ಮಗ ಸತ್ತ ದಿನ ನಮ್ಮವನಿಗೆ ಎಡೆ ಇಡುವುದು ಇಬ್ಬರಿಗೂ ಮಾಡುವ ಅನ್ಯಾಯ.

ಮೊದಲು ಮನೆಯ ಪೆಟ್ಟಿಗೆ. ಯೋಧನ ಪೂರ್ಣ ಹೆಸರು, ತಂದೆಯ ಹೆಸರು, ಮದುವೆಯಾಗಿದ್ದರೆ ಹೆಂಡತಿಯ ಹೆಸರು, ಮೂಲ ಊರು, ಇವಿಷ್ಟನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಪಿಂಚಣಿ ಕಾಗದ, ಹಳೆಯ ಪತ್ರಗಳಲ್ಲಿ ಸೇನಾ ಸಂಖ್ಯೆ ಇದೆಯೇ ನೋಡಿ. ಪದಕವಿದ್ದರೆ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಭಾರತೀಯ ಸೈನಿಕರಿಗೆ ಕೊಟ್ಟ ಆ ಯುದ್ಧದ ದುಂಡು ಪದಕಗಳ ಅಂಚಿನಲ್ಲಿ, ನಕ್ಷತ್ರಾಕಾರದವುಗಳ ಹಿಂಬದಿಯಲ್ಲಿ, ಸಂಖ್ಯೆ, ಹೆಸರು ಮತ್ತು ದಳವನ್ನು ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಹುಣಸೆಹಣ್ಣು ಹಾಕಿಯಾಗಲಿ, ಪಾಲಿಶ್ ಹಚ್ಚಿಯಾಗಲಿ ಅದನ್ನು ಖಂಡಿತ ತಿಕ್ಕಬೇಡಿ, ಸವೆದುಹೋದ ಸಂಖ್ಯೆಯನ್ನು ಮತ್ತೆ ಓದಲಾಗದು.

ನಂತರ ಆಯೋಗದ ದತ್ತಾಂಶ. ಯುದ್ಧದಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳಲು 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಾಟ ಉಚಿತ. ಇದೇ ಮಾಹಿತಿಗೆ ಹಣ ಕೇಳುವ ವಂಶಾವಳಿ ತಾಣಗಳಿಗೆ ಚಂದಾ ಕಟ್ಟುವ ಅಗತ್ಯವಿಲ್ಲ. ಎರಡನೇ ಮಹಾಯುದ್ಧದ ಪಟ್ಟಿ 1947ರ ಡಿಸೆಂಬರ್ 31ರವರೆಗಿನ ಸಾವುಗಳನ್ನೂ ಒಳಗೊಳ್ಳುತ್ತದೆಯಾದ್ದರಿಂದ, ಯುದ್ಧ ಮುಗಿದ ಮೇಲೆ ಗಾಯದಿಂದಲೋ ಕಾಯಿಲೆಯಿಂದಲೋ ತೀರಿಕೊಂಡವರನ್ನೂ ಅಲ್ಲಿ ಹುಡುಕಬಹುದು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಕುಲನಾಮವಿಲ್ಲದೆ ಒಂಟಿ ಹೆಸರಷ್ಟೇ ಇರುವ ಸೈನಿಕನ ಹೆಸರನ್ನು ಸಾಮಾನ್ಯವಾಗಿ ಕುಲನಾಮದ ಅಂಕಣದಲ್ಲಿ ದಾಖಲಿಸಿರುವುದರಿಂದ ಅಲ್ಲಿಯೇ ಹುಡುಕಬೇಕು. ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಾರೆ: ನಿಮ್ಮ ಮುನಿಸ್ವಾಮಿ ಅಲ್ಲಿ ಮುನುಸಾಮಿ, ಮುನಸ್ವಾಮಿ, ಮುನಿಯಸಾಮಿ ಆಗಿರಬಹುದು, ‘ವಿ’ ಇರಬೇಕಾದಲ್ಲಿ ‘ಡಬ್ಲ್ಯೂ’ ಇರಬಹುದು, ಕೊನೆಯಲ್ಲಿ ‘ಐ’ ಬದಲು ‘ವೈ’ ಬಂದಿರಬಹುದು. ಆದ್ದರಿಂದ ಸಾಧ್ಯವಿರುವ ಕಾಗುಣಿತಗಳನ್ನೆಲ್ಲ ಕಾಗದದ ಮೇಲೆ ಬರೆದಿಟ್ಟುಕೊಂಡು ಒಂದೊಂದಾಗಿ ಹಾಕಿ, ಭಾರತೀಯ ಸೇನೆ ಎಂದು ಸೋಸಿ ನೋಡಿ.

ಊರಿನ ಹೆಸರು ಇದಕ್ಕಿಂತ ದೊಡ್ಡ ತೊಡಕು. ‘ಹೆಚ್ಚುವರಿ ಮಾಹಿತಿ’ ಅಂಕಣದಲ್ಲಿ ಕೋಲಾರ ಎಂದು ಹಾಕಿ ಏನೂ ಸಿಗದಿದ್ದರೆ ಕೈಬಿಡಬೇಡಿ. ಗಣಿ ಕಾರ್ಮಿಕರಲ್ಲಿ ಬಹುಮಂದಿ ಅಂದಿನ ಮದ್ರಾಸ್ ಪ್ರಾಂತ್ಯದ ಉತ್ತರ ಆರ್ಕಾಟ್, ಚಿತ್ತೂರು ಜಿಲ್ಲೆಗಳಿಂದ ಬಂದವರು. ಚಾಂಪಿಯನ್ ರೀಫ್‌ನಲ್ಲೇ ಹುಟ್ಟಿ ಬೆಳೆದ ಹುಡುಗನೂ ಸೇನೆಗೆ ಸೇರುವಾಗ ತಂದೆಯ ಹಳ್ಳಿಯನ್ನೇ ಸ್ವಂತ ಊರೆಂದು ಹೇಳಿರಬಹುದು. ಹಾಗಿದ್ದಲ್ಲಿ ದಾಖಲೆಯಲ್ಲಿ ಕೆ.ಜಿ.ಎಫ್‌ನ ಸುಳಿವೇ ಇರುವುದಿಲ್ಲ. ಆ ಜಿಲ್ಲೆಗಳ ಹೆಸರಿನಲ್ಲಿಯೂ, ಗಣಿಗಳು ಅಂದು ಮೈಸೂರು ಸಂಸ್ಥಾನದಲ್ಲಿದ್ದುದರಿಂದ ಮೈಸೂರು ಎಂಬ ಹೆಸರಿನಲ್ಲಿಯೂ ಹುಡುಕಿ.

ಹೆಸರು ಸಿಕ್ಕಿದ ಮಾತ್ರಕ್ಕೆ ಆಯಿತೆನ್ನಬೇಡಿ. ಸೇನಾ ಸಂಖ್ಯೆ ಹೊಂದಿದರೆ ಅವನೇ. ಸಂಖ್ಯೆ ಗೊತ್ತಿಲ್ಲದಿದ್ದರೆ ತಂದೆಯ ಹೆಸರು, ಹೆಂಡತಿಯ ಹೆಸರು, ಊರು, ಈ ಮೂರರಲ್ಲಿ ಎರಡಾದರೂ ತಾಳೆಯಾಗುವವರೆಗೆ ಅವನು ನಮ್ಮವನಿರಬಹುದು ಎಂದಷ್ಟೇ ಬರೆದಿಟ್ಟುಕೊಳ್ಳಿ. ವಿದೇಶಿ ಕೈಪಿಡಿಗಳು ಮನೆಮನೆಯ ಜನಗಣತಿ ಹಾಳೆಗಳನ್ನು ನೋಡಿ ಎನ್ನುತ್ತವೆ. ನಮ್ಮಲ್ಲಿ ಅಂಥ ಹಾಳೆಗಳು ಸಿಗುವುದಿಲ್ಲ. ಕುಟುಂಬ ಕ್ರೈಸ್ತರದಾಗಿದ್ದರೆ ಚರ್ಚಿನ ದೀಕ್ಷಾಸ್ನಾನದ ವಹಿಯೇ ವಯಸ್ಸು, ಹೆತ್ತವರ ಹೆಸರುಗಳಿಗೆ ಉತ್ತಮ ಆಧಾರ.

ಸ್ಮಾರಕದ ಅರ್ಥ. ಸಮಾಧಿ ಇಲ್ಲವೆಂದರೆ ದೇಹ ಸಿಗಲಿಲ್ಲವೆಂದೇ ತಿಳಿಯಬೇಕಾಗಿಲ್ಲ. ದಹನ ಮಾಡಿದ ಹಿಂದೂ ಮತ್ತು ಸಿಖ್ ಯೋಧರ ಹೆಸರುಗಳು ದಹನ ಸ್ಮಾರಕಗಳಲ್ಲಿವೆ. ಕೊಹಿಮಾದ ಅಂಥ ಸ್ಮಾರಕದಲ್ಲಿ 917 ಹೆಸರುಗಳಿವೆ. ರಂಗೂನ್ ಸ್ಮಾರಕದಲ್ಲಿಯೋ ಕ್ರಾಂಜಿಯಲ್ಲಿರುವ ಸಿಂಗಪುರ ಸ್ಮಾರಕದಲ್ಲಿಯೋ ಹೆಸರಿರುವವರು ಸಮಾಧಿಯ ಗುರುತು ಸಿಗದವರು. ಈ ವ್ಯತ್ಯಾಸವನ್ನು ಮನೆಯ ಹಿರಿಯರಿಗೆ ದಯವಿಟ್ಟು ತಿಳಿಸಿ ಹೇಳಿ.

ಕೊನೆಗೆ ದಳದ ಕಡತಗಳು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವನಾಗಿದ್ದರೆ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ, ಮದ್ರಾಸ್ ರೆಜಿಮೆಂಟಿನವನಾಗಿದ್ದರೆ ನೀಲಗಿರಿಯ ವೆಲಿಂಗ್ಟನ್ನಿನ ದಾಖಲಾತಿ ಕಚೇರಿಗೆ ಸೇನಾ ಸಂಖ್ಯೆ, ಮರಣದ ದಿನಾಂಕ ಮತ್ತು ನಿಮ್ಮ ಸಂಬಂಧವನ್ನು ತಿಳಿಸಿ ಪತ್ರ ಬರೆಯಿರಿ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಯುದ್ಧ ದಿನಚರಿಗಳಲ್ಲಿ ಸಿಪಾಯಿಗಳ ಹೆಸರು ಕಾಣುವುದು ಅಪರೂಪ, ಆದರೂ ಮರಣದ ಹಿಂದಿನ ವಾರದ ಪುಟಗಳನ್ನು ಓದಿದರೆ ದಳ ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬುದು ಸ್ಪಷ್ಟವಾಗುತ್ತದೆ. ಆಯೋಗದ ದಾಖಲೆಯಲ್ಲಿ ಹೆಸರು ತಪ್ಪಾಗಿದ್ದರೆ ತಿದ್ದುಪಡಿ ಕೋರಬಹುದು. ಆಧಾರಗಳ ಪ್ರತಿಗಳನ್ನು ಮಾತ್ರ ಕಳುಹಿಸಿ, ಮೂಲ ಕಾಗದಗಳನ್ನು ಕೈಬಿಡಬೇಡಿ.