ಕಾಂಕ್ರೀಟ್ ಬೀಳುವ ಮುಂಚೆ: ನಿಮ್ಮ ಬೀದಿಯನ್ನು ವಾಸಕ್ಕೆ ಹಿತವಾಗಿ ಮಾಡಿಕೊಳ್ಳುವುದು ಹೇಗೆ

ನಗರ ಯೋಜನೆ ಅಂದ ಕೂಡಲೇ ಮಾಸ್ಟರ್ ಪ್ಲಾನ್, ಮೆಟ್ರೋ, ಸುರಂಗ ರಸ್ತೆ ಇವೇ ಕಣ್ಣ ಮುಂದೆ ಬರುತ್ತವೆ. ಅವು ನಮ್ಮ ಕೈಲಿಲ್ಲ, ಬಿಡಿ. ಆದರೆ ನಮ್ಮ ಮನೆ ಗೇಟಿನಿಂದ ಬೀದಿಯ ಕೊನೆಯವರೆಗೆ ಏಪ್ರಿಲ್ ಬಿಸಿಲಲ್ಲಿ ನಡೆಯೋಕೆ ಆಗುತ್ತಾ, ಜೋರು ಮಳೆ ಬಂದರೆ ನೀರು ಎಲ್ಲಿ ಹೋಗುತ್ತೆ, ಅಜ್ಜಿ ಒಬ್ಬರೇ ಅಂಗಡಿಗೆ ಹೋಗಿ ಬರಬಹುದಾ ಎನ್ನುವುದೆಲ್ಲ ಬಹುಮಟ್ಟಿಗೆ ಒಬ್ಬ ಕಂಟ್ರಾಕ್ಟರು, ಒಬ್ಬ ಮೇಸ್ತ್ರಿ, ಒಬ್ಬ ಅಸಿಸ್ಟೆಂಟ್ ಇಂಜಿನಿಯರ್ ಒಂದು ವಾರದಲ್ಲಿ ಮಾಡಿ ಮುಗಿಸುವ ಕೆಲಸದ ಮೇಲೆ ನಿಂತಿದೆ. ಅವರು ಕಾಂಕ್ರೀಟ್ ಸುರಿಯುವ ಮುಂಚೆ ಹೇಳಬೇಕು. ಸುರಿದ ಮೇಲೆ ಹತ್ತು ವರ್ಷ ಹೇಳುತ್ತಲೇ ಇರಬೇಕಾಗುತ್ತೆ.

ಇದನ್ನು ಬೆಂಗಳೂರಿನ ಹಳೆ ಬಡಾವಣೆ, ಲೇಔಟ್‌ಗಳಲ್ಲಿ ಇರುವವರನ್ನು ಮನಸ್ಸಲ್ಲಿಟ್ಟು ಬರೆಯುತ್ತಿದ್ದೇನೆ. ಮೈಸೂರು, ಹುಬ್ಬಳ್ಳಿಯವರಿಗೂ ಬಹಳಷ್ಟು ಹೊಂದುತ್ತದೆ. ಆರೋಗ್ಯಕ್ಕಾಗಿ ಬಡಾವಣೆ ಕಟ್ಟುವುದು ಈ ಊರಿಗೆ ಹೊಸದಲ್ಲ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತ ಮೇಲೆ ಬೆಳೆದದ್ದೇ ಬಸವನಗುಡಿ, ಮಲ್ಲೇಶ್ವರಂ. ಗಾಳಿ ಆಡಲಿ ಅಂತ ಅಗಲ ರಸ್ತೆ, ನಡುವೆ ಪಾರ್ಕು, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ, ಅಂದರೆ ಕಸ, ಮಲ ಸಾಗಿಸುವವರು ಓಡಾಡೋಕೆ ಬಿಟ್ಟ ಸಣ್ಣ ದಾರಿ. ಈಗ ಆ ಓಣಿಗಳಲ್ಲಿ ಎಷ್ಟೋ ಕಡೆ ಗುಜರಿ ಸ್ಕೂಟರ್ ನಿಂತಿರುತ್ತೆ, ಅದು ಬೇರೆ ಮಾತು.

ಮೊದಲು ಎರಡು ಸಲ ಬೀದಿ ನೋಡಿ

ಒಂದು ಸಲ ಬೇಸಿಗೆಯ ಮಧ್ಯಾಹ್ನ, ಇನ್ನೊಂದು ಸಲ ಮಳೆ ಸುರಿಯುತ್ತಿರುವಾಗ. ವಾಕಿಂಗ್ ಹೋಗುವ ಬೆಳಗಿನ ಆರು ಗಂಟೆಗೆ ಎಲ್ಲ ಬೀದಿಯೂ ಚೆನ್ನಾಗಿಯೇ ಇರುತ್ತೆ.

ಬಿಸಿಲಲ್ಲಿ ನೋಡಬೇಕಾದದ್ದು ನೆರಳು. ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ನಡುಮಧ್ಯಾಹ್ನ ನೇರ ನೆತ್ತಿಯ ಮೇಲೆ ಇರುತ್ತಾನೆ. ಕಂಬಕ್ಕೂ ನೆರಳಿಲ್ಲ. ಅಂದರೆ ನಮಗೆ ಅತಿ ಹೆಚ್ಚು ನೆರಳು ಬೇಕಾದ ದಿನಗಳಲ್ಲೇ ನಾಲ್ಕು ಅಂತಸ್ತಿನ ಕಟ್ಟಡ ಕೂಡ ರಸ್ತೆಗೆ ನೆರಳು ಕೊಡುವುದಿಲ್ಲ. ಆ ಹೊತ್ತಿಗೆ ನೆರಳು ಕೊಡುವುದು ತಲೆ ಮೇಲೆ ಕೊಂಬೆ ಚಾಚಿದ ಮರ ಮಾತ್ರ. 2016ರ ಏಪ್ರಿಲ್‌ನಲ್ಲಿ ಈ ಊರಲ್ಲಿ 39.2 ಡಿಗ್ರಿ ಆಗಿತ್ತು. ಅಂಥ ದಿನ ಮರ ಇರುವ ಅಡ್ಡರಸ್ತೆಯಿಂದ ಮರ ಇಲ್ಲದ ಅಡ್ಡರಸ್ತೆಗೆ ತಿರುಗಿದರೆ ಸಾಕು, ಯಾರೂ ವಿವರಿಸಬೇಕಾಗಿಲ್ಲ.

ಒಂದು ಹಾಳೆಯಲ್ಲಿ ಬೀದಿಯ ಚಿತ್ರ ಗೀಚಿಕೊಳ್ಳಿ. ಚೆಂದ ಇರಬೇಕಿಲ್ಲ. ಮರ ಎಲ್ಲಿದೆ, ಮರ ಇರಬೇಕಾದ ಖಾಲಿ ಜಾಗ ಎಲ್ಲಿದೆ, ಮಳೆನೀರು ಎಲ್ಲಿ ನಿಲ್ಲುತ್ತೆ, ಮೋರಿಗೆ ನೀರು ಇಳಿಯುವ ಬಾಯಿ ಎಲ್ಲೆಲ್ಲಿ ಮುಚ್ಚಿದೆ, ಟ್ರಾನ್ಸ್‌ಫಾರ್ಮರ್, ಕಸ ಬೀಳುವ ಮೂಲೆ, ಫುಟ್‌ಪಾತ್ ಎಲ್ಲಿ ತುಂಡಾಗುತ್ತೆ. ಮಳೆಯಲ್ಲಿ ಫೋನಲ್ಲಿ ವಿಡಿಯೋ ಮಾಡಿಕೊಳ್ಳಿ. ಬಿಸಿಲು ಬಂದ ಮೇಲೆ "ಇಲ್ಲಿ ನೀರು ನಿಲ್ಲಲ್ಲ ಸಾರ್" ಅಂತ ಯಾರಾದರೂ ಹೇಳಿದರೆ ತೋರಿಸೋಕೆ ಬೇಕು.

ರಸ್ತೆ ಮಟ್ಟ ಮತ್ತು ಮೋರಿ

ಹಳೆ ಬಡಾವಣೆಗಳ ದೊಡ್ಡ ರೋಗ ಇದು. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದರ ಮೇಲೇ ಇನ್ನೊಂದು ಪದರ ಹಾಕುತ್ತಾರೆ. ಮೂರು ನಾಲ್ಕು ಸಲ ಹೀಗಾದರೆ ರಸ್ತೆ ಮೇಲೆ, ಮನೆ ಕೆಳಗೆ. ಸಂಪಿನ ಮುಚ್ಚಳ ಕೂಡ ರಸ್ತೆಗಿಂತ ತಗ್ಗಿನಲ್ಲಿರುತ್ತೆ, ಮೋರಿ ತುಂಬಿದರೆ ಕೊಳಚೆ ನೀರು ನೇರ ಕುಡಿಯುವ ನೀರಿಗೆ. ಆರೋಗ್ಯ ಅಂದರೆ ಪಾರ್ಕಿನಲ್ಲಿ ಓಪನ್ ಜಿಮ್ ಅಂದುಕೊಂಡವರು ಮೊದಲು ಇದನ್ನು ನೋಡಬೇಕು.

ನಿಮ್ಮ ಬೀದಿಗೆ ಡಾಂಬರು ಬರುತ್ತೆ ಅಂತ ಗೊತ್ತಾದ ತಕ್ಷಣ ಒಂದೇ ಬೇಡಿಕೆ ಇಡಿ: ಹಳೆ ಪದರವನ್ನು ಮಿಲ್ಲಿಂಗ್ ಯಂತ್ರದಲ್ಲಿ ಕೆರೆದು ತೆಗೆದು, ಅದೇ ಮಟ್ಟಕ್ಕೆ ಹೊಸದು ಹಾಕಿ. ವೈಟ್‌ಟಾಪಿಂಗ್, ಅಂದರೆ ಡಾಂಬರಿನ ಮೇಲೆ ಕಾಂಕ್ರೀಟ್ ಪದರ, ಆದರೆ ಇನ್ನೂ ಹುಷಾರು, ಕಾಂಕ್ರೀಟಿನ ದಪ್ಪ ಜಾಸ್ತಿ, ಆಮೇಲೆ ಕೆರೆಯೋದೂ ಸುಲಭ ಅಲ್ಲ. ಬಾಯಲ್ಲಿ ಹೇಳಿದರೆ ಸಾಲದು. ಗಾರೆ ಕೆಲಸದವರ ಹತ್ತಿರ ನೀರು ತುಂಬಿದ ಲೆವೆಲ್ ಪೈಪ್ ಇರುತ್ತಲ್ಲ, ಅದನ್ನು ಹಿಡಿದು ನಾಲ್ಕೈದು ಮನೆಯ ಹೊಸ್ತಿಲು ರಸ್ತೆಯ ನಡುಭಾಗಕ್ಕಿಂತ ಎಷ್ಟು ಎತ್ತರ ಇದೆ ಅಂತ ಅಳೆದು, ಕಾಂಪೌಂಡ್ ಗೋಡೆಯ ಮೇಲೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಕೆಲಸ ಶುರುವಾದಾಗ ಆ ಗೆರೆ ತೋರಿಸಿ ಮಾತಾಡಿ. ಗೆರೆ ಕಣ್ಣೆದುರು ಇದ್ದರೆ ವಾದ ಬೇಗ ಮುಗಿಯುತ್ತೆ.

ಮೋರಿಯ ವಿಷಯದಲ್ಲಿ ಒಂದು ಚಿಕ್ಕ ಸಂಗತಿ ಬಹಳ ಜನ ಗಮನಿಸಲ್ಲ. ಹೂಳು ಎತ್ತಿ ಅಲ್ಲೇ ಪಕ್ಕದಲ್ಲಿ ಗುಡ್ಡೆ ಹಾಕಿ ಹೋಗುತ್ತಾರೆ. ಒಣಗಲಿ ಅಂತ. ಸರಿ, ಹಸಿ ಹೂಳು ಲಾರಿಗೆ ತುಂಬೋದು ಕಷ್ಟ, ಆದರೆ ಒಣಗುವುದರೊಳಗೆ ಒಂದು ಮಳೆ ಬಂದರೆ ಎಲ್ಲ ವಾಪಸ್ ಒಳಗೆ. ಹೂಳೆತ್ತಿದ ದಿನವೇ ಫೋಟೋ ತೆಗೆದು ಪಾಲಿಕೆಗೆ ಕಳಿಸಿ, ಎರಡು ಮೂರು ದಿನದಲ್ಲಿ ಸಾಗಿಸದಿದ್ದರೆ ಮತ್ತೆ ಫೋನ್ ಮಾಡಿ. ಇನ್ನೊಂದು, ಮಳೆನೀರು ಮೋರಿಯಲ್ಲಿ ಬೇಸಿಗೆಯಲ್ಲೂ ನೊರೆ ನೀರು ಹರಿಯುತ್ತಿದ್ದರೆ ಯಾರದೋ ಮನೆಯ ಸ್ಯಾನಿಟರಿ ಲೈನ್ ಅದಕ್ಕೆ ಸೇರಿದೆ ಅಂತಲೇ ಅರ್ಥ. ಇದು ಜಲಮಂಡಳಿಗೆ ಹೇಳಬೇಕಾದದ್ದು, ಪಾಲಿಕೆಗಲ್ಲ. ಮುಂದೆ ಆ ನೀರೇ ರಾಜಕಾಲುವೆ, ಅಂದರೆ ಊರಿನ ದೊಡ್ಡ ಮಳೆನೀರು ಕಾಲುವೆ, ಹಿಡಿದು ಕೆರೆ ಸೇರುತ್ತೆ.

ಮಣ್ಣು ಕಾಣುವಂತೆ ಬಿಡಿ

ಮನೆ ಕಟ್ಟುವಾಗ ಸೆಟ್‌ಬ್ಯಾಕ್ ಅಂತ ಸುತ್ತ ಖಾಲಿ ಜಾಗ ಬಿಡುತ್ತೇವೆ, ಆಮೇಲೆ ಅದಕ್ಕೂ ಟೈಲ್ಸ್ ಹಾಕಿ ಮುಗಿಸುತ್ತೇವೆ. ಗೇಟಿನ ಹೊರಗೂ ಟೈಲ್ಸ್. ಕಸ ಗುಡಿಸೋಕೆ ಸುಲಭ, ನಿಜ. ಆದರೆ ಬಿಸಿಲು ಹೀರಿಕೊಂಡ ಕಲ್ಲು ರಾತ್ರಿಯೆಲ್ಲ ಬಿಸಿ ಬಿಡುತ್ತೆ, ನೀರು ಒಂದು ಹನಿ ಇಂಗಲ್ಲ. ಪೂರ್ತಿ ಕಿತ್ತು ಹಾಕಿ ಅನ್ನುತ್ತಿಲ್ಲ. ಕಾಂಪೌಂಡ್ ಉದ್ದಕ್ಕೂ ಎರಡಡಿ ಪಟ್ಟಿ ಮಣ್ಣು ಬಿಡಿ. ಕಾರಿನ ಎರಡು ಚಕ್ರ ಹೋಗುವಲ್ಲಿ ಮಾತ್ರ ಚಪ್ಪಡಿ ಹಾಕಿ ನಡುವೆ ಹುಲ್ಲು ಬಿಡಿ.

ಮಳೆನೀರಿನ ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30×40 ಸೈಟಿನ ಮನೆಯ ತಾರಸಿ ಸುಮಾರು 80 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಒಂದು ಸಂಜೆ 20 ಮಿಲಿಮೀಟರ್ ಮಳೆ ಬಂದರೆ 1,600 ಲೀಟರ್. ಬೆಂಗಳೂರಿಗೆ ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್ ಮಳೆ ಬರುತ್ತೆ, ಅಂದರೆ ಆ ಒಂದು ತಾರಸಿ ಮೇಲೇ 77,000 ಲೀಟರಿಗಿಂತ ಹೆಚ್ಚು. ಬೀದಿಯಲ್ಲಿ ನಲವತ್ತು ಮನೆ ಇದ್ದರೆ ನೀವೇ ಗುಣಿಸಿ. ಇಷ್ಟನ್ನೂ ಪೈಪ್ ಹಾಕಿ ರಸ್ತೆಗೆ ಬಿಟ್ಟು, ಆಮೇಲೆ ರಸ್ತೆ ಮುಳುಗಿತು ಅಂತ ನಾವೇ ಬೈಯುತ್ತೇವೆ.

2009ರಲ್ಲಿ ಬಂದ ನಿಯಮದಲ್ಲೇ 60×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೆ ಮನೆಗಳಿಗೂ, 30×40 ಮೇಲ್ಪಟ್ಟ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ ಆಗಿತ್ತು. ಹೇಗೆ ಮಾಡುವುದು ಅಂತ ಕಣ್ಣಾರೆ ನೋಡಬೇಕಾದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕ್ ಇದೆ, ಹೋಗಿ ಬನ್ನಿ. ಸಂಪು ತುಂಬಿದ ಮೇಲೆ ಉಳಿದದ್ದನ್ನು ಇಂಗುಬಾವಿಗೆ ಬಿಡಿ. ಮೂರಡಿ ಅಗಲದ ಸಿಮೆಂಟ್ ರಿಂಗ್ ಇಳಿಸಿ ತೋಡುವ ಬಾವಿ, ತಳಕ್ಕೆ ಕಾಂಕ್ರೀಟ್ ಹಾಕಬಾರದು, ಮೇಲೆ ಗಟ್ಟಿ ಮುಚ್ಚಳ ಇರಲೇಬೇಕು. ತಾರಸಿ ನೀರು ಮಾತ್ರ ಬಿಡಿ, ಅದೂ ಶೋಧಿಸಿ. ಬೀದಿ ಮೋರಿಯ ನೀರನ್ನು ಬಾವಿಗೆ ತಿರುಗಿಸುವ ಬುದ್ಧಿವಂತಿಕೆ ಬೇಡ, ನಾಳೆ ಪಕ್ಕದ ಮನೆಯ ಬೋರ್‌ವೆಲ್ಲಿಗೆ ಕೊಳಚೆ ಇಳಿಯುತ್ತೆ.

ಮರ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಎಲ್ಲರೂ ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೋ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಸಸಿಗಿಂತ ಗುಂಡಿ ಮುಖ್ಯ. ಫುಟ್‌ಪಾತ್ ಕೆಲಸ ನಡೆಯುವಾಗಲೇ, ಮೇಸ್ತ್ರಿ ಚಪ್ಪಡಿ ಜೋಡಿಸುವ ಮುಂಚೆ, ಎಲ್ಲೆಲ್ಲಿ ಮರ ಬೇಕೋ ಅಲ್ಲಿ ಒಂದು ಚದರ ಮೀಟರ್ ಜಾಗ ಗುರುತು ಮಾಡಿಸಿ. ಆಮೇಲೆ ಒಡೆಯೋಕೆ ಯಾರೂ ಬರಲ್ಲ. ಇರುವ ಮರದ ಬುಡಕ್ಕೂ ಕಾಂಕ್ರೀಟ್ ತಾಗಿಸಬೇಡಿ. ದೆಹಲಿಯಲ್ಲಿ 2013ರಲ್ಲೇ ಹಸಿರು ನ್ಯಾಯಮಂಡಳಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ ಆದೇಶ ಮಾಡಿದೆ. ಬೇರಿಗೆ ಉಸಿರಿಲ್ಲದ ಮರ ಮೇಲೆ ಹಸಿರಾಗೇ ಕಾಣುತ್ತೆ, ಮೇ ತಿಂಗಳ ಗಾಳಿಮಳೆಗೆ ಕಾರಿನ ಮೇಲೆ ಬೀಳುತ್ತೆ. ಆಮೇಲೆ ಬೈಗುಳ ತಿನ್ನುವುದು ಮರ.

ಯಾವ ಮರ? ಕಿರಿದಾದ ಬೀದಿಗೆ ನನ್ನ ಮೊದಲ ಆಯ್ಕೆ ಹೊಂಗೆ. ದಟ್ಟ ನೆರಳು, ನಮ್ಮ ಮಣ್ಣಿಗೆ ಒಗ್ಗಿದ ಮರ, ಎಲೆ ಉದುರಿದ ಕೆಲವೇ ದಿನದಲ್ಲಿ ಬೇಸಿಗೆಗೆ ಸರಿಯಾಗಿ ಎಳೆ ಹಸಿರು ಬಂದಿರುತ್ತೆ. "ಹೊಂಗೆ ನೆರಳು ತಾಯಿ ಮಡಿಲು" ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಬೇವು, ಸಂಪಿಗೆ, ಹೊಳೆದಾಸವಾಳ ಕೂಡ ಸರಿ. ನೇರಳೆ ಒಳ್ಳೆ ಮರವೇ, ಆದರೆ ಹಣ್ಣು ಬೀಳುವ ಕಾಲಕ್ಕೆ ಕೆಳಗೆ ಕಾರು ನಿಲ್ಲಿಸುವವರು ಜಗಳಕ್ಕೆ ಬರುತ್ತಾರೆ, ಪಾರ್ಕಿನ ಅಂಚಿಗೆ ಹಾಕಿ. ಗುಲ್‌ಮೊಹರ್ ಚೆಂದ, ಕೊಂಬೆ ಮಾತ್ರ ಬೇಗ ಮುರಿಯುತ್ತೆ, ಮನೆ ಮುಂದೆ ಬೇಡ. ಅತ್ತಿ, ಆಲ, ಅರಳಿ ಇಪ್ಪತ್ತಡಿ ರಸ್ತೆಗಲ್ಲ. ಬೀದಿಯ ಒಂದು ಬದಿಯಲ್ಲಿ ವಿದ್ಯುತ್ ತಂತಿ ಇದ್ದರೆ ಅಲ್ಲಿ ಗಿಡ್ಡ ಜಾತಿ, ಎದುರು ಬದಿಯಲ್ಲಿ ಎತ್ತರದ್ದು. ಈ ಒಂದು ಲೆಕ್ಕ ತಪ್ಪಿದರೆ ಪ್ರತಿ ವರ್ಷ ವಿದ್ಯುತ್ ಕಂಪನಿ ಬೆಸ್ಕಾಂನವರು ಬಂದು ಮರದ ಒಂದೇ ಮಗ್ಗುಲನ್ನು ಬೋಳು ಮಾಡಿ ಹೋಗುತ್ತಾರೆ, ಭಾರ ಒಂದೇ ಕಡೆ ಆದ ಮರ ಉರುಳುತ್ತೆ.

ಮರ ಕಡಿಯುವುದಕ್ಕೆ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು, ನಿಮ್ಮ ಕಾಂಪೌಂಡಿನೊಳಗಿನ ಮರ ಆದರೂ ಅಷ್ಟೆ. ಯಾರಾದರೂ ಕೊಡಲಿ ಹಿಡಿದು ಬಂದರೆ ಜಗಳ ಆಡಬೇಡಿ, "ಆದೇಶದ ಪ್ರತಿ ತೋರಿಸಿ" ಅಂತ ಕೇಳಿ.

ಫುಟ್‌ಪಾತ್

ವಸತಿ ರಸ್ತೆಯಲ್ಲಿ ಅಡೆತಡೆ ಇಲ್ಲದ 1.8 ಮೀಟರ್ ಅಗಲ ಇರಬೇಕು, ಎತ್ತರ 150 ಮಿಲಿಮೀಟರ್ ಮೀರಬಾರದು ಅಂತ ರಸ್ತೆ ಕೆಲಸದ ಅಳತೆಗಳನ್ನು ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ಹೇಳುತ್ತೆ. ಎರಡನೆಯದು ಹೆಚ್ಚು ಮುಖ್ಯ ಅಂತ ನನಗೆ ಅನ್ನಿಸುತ್ತೆ. ಮೊಣಕಾಲು ನೋವಿರುವವರು ಒಂದಡಿ ಎತ್ತರದ ಫುಟ್‌ಪಾತ್ ಹತ್ತಲ್ಲ, ರಸ್ತೆಯಲ್ಲೇ ನಡೆಯುತ್ತಾರೆ. ಪ್ರತಿ ಗೇಟಿನ ಮುಂದೆ ಫುಟ್‌ಪಾತ್ ಇಳಿದು ಮತ್ತೆ ಹತ್ತುವುದು ಇನ್ನೊಂದು ಹಿಂಸೆ. ಕಾರು ಹತ್ತಿ ಇಳಿಯಲಿ, ನಡೆಯುವವರು ಒಂದೇ ಮಟ್ಟದಲ್ಲಿ ಹೋಗಲಿ ಅಂತ ಕೆಲಸ ಶುರುವಾಗುವ ಮುಂಚೆಯೇ ಹೇಳಿ. ಮತ್ತೆ ನಮ್ಮದೇ ರ‍್ಯಾಂಪು ರಸ್ತೆಗೆ ಚಾಚಿಕೊಂಡಿದ್ದರೆ ಮೊದಲು ಅದನ್ನು ಒಳಕ್ಕೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಇಂಜಿನಿಯರ್ ಮುಂದೆ ಬಾಯಿ ತೆರೆಯೋಕೆ ಆಗಲ್ಲ.

ಹಂಪ್ ಹಾಕಿಸುವುದಾದರೆ ಬೆನ್ನು ಮುರಿಯುವ ಚೂಪು ಗುಡ್ಡೆ ಬೇಡ. 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ದುಂಡು ಹಂಪಿಗೆ ಅಳತೆಯೇ ಇದೆ. ಬಣ್ಣವನ್ನೂ ಬಳಿಸಿ.

ಉಳಿದವು, ಬೇಗ ಬೇಗ

ಮೇಲಂತಸ್ತಿನ ಮನೆ ಬಿಸಿಲಿಗೆ ಕಾದು ಬಿಸಿಯಾಗುತ್ತಿದ್ದರೆ ತಾರಸಿಗೆ ಮಾರ್ಚ್ ಮುಂಚೆ ಸುಣ್ಣ ಅಥವಾ ಬಿಳಿ ಕೂಲ್ ರೂಫ್ ಬಣ್ಣ ಬಳಿಸಿ, ಅಗ್ಗದ ಉಪಾಯ. ಶಬ್ದಕ್ಕೆ 2000ದ ನಿಯಮ ಇದೆ: ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್. ಪೊಲೀಸರಿಗೆ ಫೋನ್ ಮಾಡುವಾಗ "ತುಂಬಾ ಗಲಾಟೆ" ಅನ್ನುವ ಬದಲು ಹತ್ತು ಗಂಟೆ ದಾಟಿದೆ ಅಂತ ಹೇಳಿ. ಒಣ ಎಲೆ ಸುಡುವುದನ್ನು ನಿಲ್ಲಿಸಿ, ಪಾರ್ಕಿನ ಮೂಲೆಯಲ್ಲಿ ಜಾಲರಿ ಕಟ್ಟಿ ಗೊಬ್ಬರ ಮಾಡಿ. ವಾರಕ್ಕೊಂದು ದಿನ ಎಲ್ಲ ಮನೆಯಲ್ಲೂ ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ಖಾಲಿ ಮಾಡಿ ಉಜ್ಜಿ. ಡೆಂಗಿ ಸೊಳ್ಳೆ ಚೊಕ್ಕ ನೀರಲ್ಲೇ ಹುಟ್ಟೋದು, ಮೋರಿಗೆ ಹೊಗೆ ಹೊಡೆದು ಪ್ರಯೋಜನ ಕಡಿಮೆ.

ಯಾರಿಗೆ, ಹೇಗೆ ಕೇಳುವುದು

2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ನಗರ ಪಾಲಿಕೆಗಳು. ನಿಮ್ಮ ಬೀದಿ ಯಾವ ಪಾಲಿಕೆಗೆ, ಯಾವ ವಾರ್ಡಿಗೆ ಸೇರುತ್ತೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. ರಸ್ತೆ, ಮಳೆನೀರು ಮೋರಿ, ಕಸ, ಮರ ಪಾಲಿಕೆ ಕಡೆ. ಒಳಚರಂಡಿ, ಕುಡಿಯುವ ನೀರು ಜಲಮಂಡಳಿ. ತಂತಿ, ಟ್ರಾನ್ಸ್‌ಫಾರ್ಮರ್ ಬೆಸ್ಕಾಂ. ಒಂದೇ ಪತ್ರದಲ್ಲಿ ಎಲ್ಲ ತುರುಕಿದರೆ ಎಲ್ಲರೂ "ನಮಗೆ ಬರಲ್ಲ" ಅಂತಾರೆ. ಒಂದು ವಿಷಯಕ್ಕೆ ಒಂದು ಪತ್ರ, ಹತ್ತು ಹದಿನೈದು ಮನೆಯವರ ಸಹಿ, ನೀವು ಗೀಚಿದ ಆ ಚಿತ್ರ, ಸ್ವೀಕೃತಿ ಸೀಲ್ ಹಾಕಿಸಿದ ಪ್ರತಿ ನಿಮ್ಮ ಹತ್ತಿರ.

ಕೆಲಸ ಮಂಜೂರಾದರೆ ಎಸ್ಟಿಮೇಟ್ ಮತ್ತು ಡ್ರಾಯಿಂಗ್ ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು, ಇದು ಗೊತ್ತಿಲ್ಲದೆ ಪುಟಗಟ್ಟಲೆ ಬರೆದರೆ ಅದೇ ನೆಪ ಆಗುತ್ತೆ. ಉತ್ತರಕ್ಕೆ 30 ದಿನ. ಅದರೊಳಗೆ ಕೆಲಸವೇ ಮುಗಿದುಹೋಗಬಹುದು, ಹಾಗಾಗಿ ಅರ್ಜಿ ಹಾಕಿ ಕಾಯುತ್ತಾ ಕೂರಬೇಡಿ. ಚಪ್ಪಡಿ, ಜಲ್ಲಿ ಲಾರಿ ಬೀದಿಗೆ ಬಂದ ದಿನ ಯಾರಾದರೂ ಇಬ್ಬರು ಬೆಳಗ್ಗೆಯಿಂದ ಅಲ್ಲೇ ಇರುವಂತೆ ಪಾಳಿ ಮಾಡಿಕೊಳ್ಳಿ. ಮೇಸ್ತ್ರಿಗೆ ಕಾಫಿ ಕೊಡಿ, ಮರದ ಗುಂಡಿಗಳ ಗುರುತು ತೋರಿಸಿ. ಒಪ್ಪದಿದ್ದರೆ ಇಂಜಿನಿಯರಿಗೆ ಅಲ್ಲಿಂದಲೇ ಫೋನ್ ಮಾಡಿ, ಅವರು ಬರುವ ತನಕ ಆ ಒಂದು ಭಾಗ ಬಿಟ್ಟು ಮುಂದಿನದು ಮಾಡಿ ಅಂತ ಕೇಳಿಕೊಳ್ಳಿ.