ಎರಡು ಗಂಡು ಗಿನಿಪಿಗ್, ಒಂದೇ ಗೂಡು: ಹೊಂದಿಸುವುದು ಹೇಗೆ?

‘ಪಾಪ, ಒಂದೇ ಇದೆ, ಜೊತೆಗೆ ಇನ್ನೊಂದು ತಂದುಬಿಡೋಣ’ ಅಂತ ನಮ್ಮನೆಯಲ್ಲಿ ಒಂದು ಭಾನುವಾರ ತೀರ್ಮಾನವಾಯಿತು. ಅಂಗಡಿಯವನು ಕೊಟ್ಟ ರಟ್ಟಿನ ಡಬ್ಬದಿಂದ ಹೊಸದನ್ನು ತೆಗೆದೆ, ನೇರವಾಗಿ ಗುಂಡನ ಪಂಜರಕ್ಕೆ ಇಳಿಸಿದೆ. ಎರಡು ನಿಮಿಷ ಆಗಿರಲಿಲ್ಲ, ಎರಡೂ ಚೆಂಡಿನ ಹಾಗೆ ಸುತ್ತಿಕೊಂಡು ಉರುಳಾಡತೊಡಗಿದವು. ಬಿಡಿಸೋಕೆ ಬರಿಗೈ ಹಾಕಿದೆ. ತೋರುಬೆರಳಿನಲ್ಲಿ ಆ ಗುರುತು ಇವತ್ತಿಗೂ ಇದೆ.

ಜೊತೆ ಬೇಕು ಅಂದುಕೊಂಡಿದ್ದು ತಪ್ಪಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಜನ ಸಾವಿರಾರು ವರ್ಷಗಳ ಹಿಂದೆಯೇ ಮಾಂಸಕ್ಕಾಗಿ ಸಾಕಿಕೊಂಡ ಪ್ರಾಣಿ ಇದು. ಗುಂಪಿನಲ್ಲೇ ಬದುಕುವ ಜಾತಿ. ಸ್ವಿಟ್ಜರ್ಲೆಂಡಿನಲ್ಲಂತೂ 2008ರಿಂದ ಗಿನಿಪಿಗ್ ಅನ್ನು ಒಂಟಿಯಾಗಿ ಸಾಕುವಂತಿಲ್ಲ ಎಂದು ನಿಯಮವೇ ಇದೆ. ನಾನು ತಪ್ಪಿದ್ದು ಆತುರದಲ್ಲಿ.

ಮೊದಲು ಗಂಡು ಹೌದಾ ನೋಡಿ

ತಮಾಷೆಗೆ ಹೇಳುತ್ತಿಲ್ಲ. ಅಂಗಡಿಯಲ್ಲಿ ‘ಎರಡೂ ಗಂಡೇ ಸಾರ್’ ಅಂದಿರುತ್ತಾರೆ, ಎರಡು ತಿಂಗಳಲ್ಲಿ ಮನೆ ತುಂಬ ಮರಿ. ಗರ್ಭದ ಅವಧಿ ಸುಮಾರು 59ರಿಂದ 72 ದಿನ ಅಷ್ಟೇ. ಮೂರು ವಾರದ ಗಂಡುಮರಿಯೇ ಅಪ್ಪನಾಗಬಲ್ಲದು. ಹೊಟ್ಟೆಯ ಕೆಳಭಾಗ ನೋಡಿದರೆ ಹೆಣ್ಣಿಗೆ ಇಂಗ್ಲಿಷಿನ ‘ವೈ’ ಆಕಾರ ಕಾಣುತ್ತದೆ, ಗಂಡಿಗೆ ಚುಕ್ಕೆಯಂಥ ಉಬ್ಬು. ಮರಿಗಳಲ್ಲಿ ಇದು ಸುಲಭಕ್ಕೆ ಗೊತ್ತಾಗುವುದಿಲ್ಲ. ಮೊಲ, ಹಕ್ಕಿಗಳನ್ನೂ ನೋಡುವ ಪಶುವೈದ್ಯರಿಗೆ ಒಮ್ಮೆ ತೋರಿಸಿಬಿಡಿ.

ಮನೆಯಲ್ಲಿ ಹೆಣ್ಣು ಗಿನಿಪಿಗ್ ಕೂಡ ಇದ್ದರೆ ಗಂಡುಗಳ ರಾಜಿ ಕಷ್ಟ. ಪಕ್ಕದ ಪಂಜರದಿಂದ ಅದರ ವಾಸನೆ ಬಂದರೂ ಸಾಕು, ಜಗಳ ಶುರು. ಗಂಡುಗಳಿಗೆ ಎರಡು ಒಳ್ಳೆಯ ಸಂಖ್ಯೆ. ಮೂರಾದರೆ ಇಬ್ಬರು ಒಂದಾಗಿ ಒಬ್ಬನನ್ನು ಮೂಲೆಗೆ ತಳ್ಳುವುದೇ ಜಾಸ್ತಿ. ದೊಡ್ಡದಕ್ಕೆ ಎರಡು ತಿಂಗಳ ಮರಿ ಜೊತೆ ಮಾಡಿದರೆ ಸಾಮಾನ್ಯವಾಗಿ ಬೇಗ ಹೊಂದುತ್ತವೆ. ಎರಡೂ ನಾಲ್ಕೈದು ತಿಂಗಳ ಹುಡುಗಾಟದ ವಯಸ್ಸಿನವಾದರೆ ನಿಮಗೆ ತಾಳ್ಮೆ ಬೇಕು.

ಸಂತಾನಹರಣ ಮಾಡಿಸಿದರೆ ಶಾಂತವಾಗುತ್ತವಾ ಅಂತ ಬಹಳ ಜನ ಕೇಳುತ್ತಾರೆ. ಗಂಡು ಗಂಡುಗಳ ಜಗಳಕ್ಕೆ ಅದು ನೆಚ್ಚಿಕೊಳ್ಳುವಂಥ ಮದ್ದಲ್ಲ. ಅದು ಬೇಕಾಗುವುದು ಹೆಣ್ಣಿನ ಜೊತೆ ಬಿಡುವುದಾದರೆ.

ಎರಡು ವಾರ ಬೇರೆ ಕೋಣೆ

ಹೊಸದನ್ನು ತಂದ ಕೂಡಲೇ ಹಳೆಯದರ ಹತ್ತಿರ ಬಿಡಬೇಡಿ. ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು ವಾರ, ಬೇರೆ ಕೋಣೆಯಲ್ಲಿರಲಿ. ಕಜ್ಜಿ ಹುಳ, ಹುಳುಕಡ್ಡಿ, ನೆಗಡಿಯಂಥ ಉಸಿರಾಟದ ಸೋಂಕು ಇವುಗಳಲ್ಲಿ ಸಾಮಾನ್ಯ. ಅದರಲ್ಲೂ ಹುಳುಕಡ್ಡಿ ನಮಗೂ ಅಂಟುತ್ತದೆ. ಮೊದಲು ಹಳೆಯದಕ್ಕೆ ಹುಲ್ಲು ನೀರು, ಆಮೇಲೆ ಹೊಸದಕ್ಕೆ, ನಂತರ ಕೈ ತೊಳೆದುಕೊಳ್ಳಿ.

ಆಮೇಲೆ ಒಂದು ವಾರ ಪಂಜರಗಳನ್ನು ಪಕ್ಕಪಕ್ಕ ಇಡಿ. ನಡುವೆ ಮೂರು ಬೆರಳಿನಷ್ಟು ಜಾಗ ಬಿಡಿ. ಜಾಲರಿಗೆ ಮೂತಿ ಒತ್ತಿ ನಿಂತಾಗ ಹಲ್ಲು ತಾಕಬಾರದು. ದಿನಕ್ಕೊಮ್ಮೆ ಇದರ ಹಾಸಿನ ಬಟ್ಟೆ ಅದಕ್ಕೆ, ಅದರದ್ದು ಇದಕ್ಕೆ ಬದಲಿಸಿ. ಇವಕ್ಕೆ ಗುರುತು ಸಿಗುವುದು ಹೆಚ್ಚಾಗಿ ಮೂಗಿನಿಂದ.

ಜಾಗ, ಜಾಗ, ಜಾಗ

ಅಂಗಡಿಯಲ್ಲಿ ಸಿಗುವ ಎರಡಡಿ ಪಂಜರ ಗಿಳಿಗೂ ಚಿಕ್ಕದೇ. ಎರಡು ಗಂಡಿಗೆ ನಾಲ್ಕಡಿ ಉದ್ದ, ಮೂರಡಿ ಅಗಲದ ನೆಲ ಕೊಡಿ. ಅದಕ್ಕಿಂತ ಕಡಿಮೆ ಇದ್ದರೆ ಎರಡನೆಯದನ್ನು ತರುವ ಯೋಚನೆಯನ್ನೇ ಬಿಡಿ ಅನ್ನುತ್ತೇನೆ ನಾನು. ಎತ್ತರ ಮುಖ್ಯವಲ್ಲ, ಇವು ಹತ್ತುವ ಪ್ರಾಣಿಗಳಲ್ಲ. ಓಡಿ ತಪ್ಪಿಸಿಕೊಳ್ಳಲು ನೆಲ ಬೇಕು. ಸೋತವನಿಗೆ ದೂರ ಹೋಗಲು ಜಾಗ ಸಿಕ್ಕರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಪ್ರತಿಯೊಂದೂ ಎರಡೆರಡು ಇರಲಿ: ಎರಡು ನೀರಿನ ಬಾಟಲಿ, ಎರಡು ತಟ್ಟೆ, ಎರಡು ಕಡೆ ಹುಲ್ಲು, ಎರಡು ಗೂಡು. ಗೂಡಿಗೆ ದುಡ್ಡು ಸುರಿಯಬೇಕಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಸಾಮಾನಿನ ರಟ್ಟಿನ ಡಬ್ಬ ಬೋರಲು ಹಾಕಿ ಬಾಗಿಲು ಕತ್ತರಿಸಿ. ಆದರೆ ಬಾಗಿಲು ಎರಡಿರಬೇಕು. ಒಂದೇ ಬಾಗಿಲಿದ್ದರೆ ಒಬ್ಬ ಒಳಗೆ ಸಿಕ್ಕಿಕೊಳ್ಳುತ್ತಾನೆ, ಇನ್ನೊಬ್ಬ ಬಾಗಿಲಲ್ಲೇ ಕೂತು ಕಾಯುತ್ತಾನೆ. ನಾನು ನೋಡಿದ ಕೆಟ್ಟ ಕಡಿತಗಳೆಲ್ಲ ಇಂಥ ಒಂಟಿ ಬಾಗಿಲ ಗೂಡಿನಲ್ಲೇ ಆಗಿದ್ದು.

ಭೇಟಿಯ ದಿನ

ನಿಮಗೆ ಬೇರೆ ಕೆಲಸವಿಲ್ಲದ ದಿನ ಆರಿಸಿಕೊಳ್ಳಿ. ಎರಡಕ್ಕೂ ಪರಿಚಯವಿಲ್ಲದ ಜಾಗ ಬೇಕು: ಹಾಲ್‌ನ ಒಂದು ಮೂಲೆಗೆ ಒಗೆದ ಬೆಡ್‌ಶೀಟ್ ಹಾಸಿ, ಸುತ್ತ ರಟ್ಟಿನ ಅಡ್ಡಗಟ್ಟೆ. ಗೂಡು, ಡಬ್ಬ ಯಾವುದೂ ಬೇಡ. ನಡುವೆ ಒಣಹುಲ್ಲಿನ ದೊಡ್ಡ ರಾಶಿ, ಅದರ ಮೇಲೆ ಕೊತ್ತಂಬರಿ ಸೊಪ್ಪು, ಒಂದಿಷ್ಟು ತೊಳೆದ ಗರಿಕೆ. (ಗರಿಕೆ ಕೀಳುವಾಗ ಎದುರುಮನೆ ಅಜ್ಜಿ ‘ಗಣಪತಿಗಾ?’ ಅಂತ ಕೇಳಿದರು. ‘ಇಲ್ಲ ಅಜ್ಜಿ, ಅವನ ವಾಹನದ ನೆಂಟರಿಗೆ’ ಅಂದೆ.) ಕೈಗೆ ಸಿಗುವ ಹಾಗೆ ಒಂದು ದಪ್ಪ ಟವಲ್, ಒಂದು ಕಸದ ಮೊರ ಇಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೇ ಕೆಳಗೆ ಬಿಡಿ. ಈಗ ಸುಮ್ನೆ ಕೂರಿ.

ಸುಮ್ನೆ ಕೂರುವುದೇ ಕಷ್ಟ. ಯಾಕೆಂದರೆ ಮುಂದಿನ ಒಂದು ಗಂಟೆ ಜಗಳದ ಹಾಗೇ ಕಾಣುತ್ತದೆ. ಹೋರಿಯ ಹಾಗೆ ಗುಟುರು ಹಾಕುತ್ತವೆ, ಸೊಂಟ ಅತ್ತಿತ್ತ ತೂಗುತ್ತಾ ಒಂದು ಇನ್ನೊಂದರ ಸುತ್ತ ತಿರುಗುತ್ತದೆ. ಹಿಂಭಾಗ ಮೂಸುತ್ತವೆ, ಮೇಲೆ ಹತ್ತುತ್ತವೆ, ಅಟ್ಟಿಸಿಕೊಂಡು ಹೋಗುತ್ತವೆ, ಕುಂಡೆ ನೆಲಕ್ಕೆ ಉಜ್ಜಿ ವಾಸನೆ ಬಿಡುತ್ತವೆ. ಅಟ್ಟಿಸಿಕೊಂಡವನು ಕೀಚಲು ದನಿಯಲ್ಲಿ ಕಿರುಚುತ್ತಾನೆ. ಆ ಕಿರುಚಾಟ ಕೇಳಿ ನಮ್ಮ ಕರುಳು ಕಿತ್ತು ಬರುತ್ತದೆ. ಆದರೆ ಅದರ ಅರ್ಥ ಹೆಚ್ಚಾಗಿ ‘ಆಯ್ತು ಮಾರಾಯ, ನೀನೇ ದೊಡ್ಡವನು, ಬಿಡು’ ಅಂತ. ಇದೆಲ್ಲ ಯಜಮಾನಿಕೆ ಯಾರದು ಅಂತ ಗೊತ್ತುಮಾಡಿಕೊಳ್ಳುವ ಮಾತುಕತೆ. ಅದನ್ನು ಅರ್ಧದಲ್ಲೇ ನಿಲ್ಲಿಸಿ ಬೇರೆ ಮಾಡಿದಿರೋ, ಮುಂದಿನ ಸಲ ಮತ್ತೆ ಮೊದಲಿನಿಂದ ಶುರು.

ಮೊದಲ ದಿನದ ಗಾಯ ಪೂರ್ತಿ ಮಾಗಿದ ಮೇಲೆ, ಒಂದು ತಿಂಗಳು ಬಿಟ್ಟು, ಹೊಸಬ ಕಡ್ಲೆಯನ್ನೂ ಗುಂಡನನ್ನೂ ಹೀಗೆ ಬಿಟ್ಟೆವು. ಸುಮಾರು ನಲವತ್ತು ನಿಮಿಷ ಗುಟುರು, ಓಟ. ಆಮೇಲೆ ಎದುರುಬದುರು ನಿಂತು ಎರಡೂ ಗದ್ದ ಮೇಲೆತ್ತಿದವು. ಯಾರ ಮೂಗು ಎತ್ತರ ಅನ್ನುವುದೇ ಪಂದ್ಯ. ಕಡ್ಲೆ ಕಾಲ್ಬೆರಳ ಮೇಲೆ ನಿಂತ ಹಾಗೆ ಎತ್ತಿದ, ಗುಂಡ ಇನ್ನೊಂಚೂರು ಎತ್ತಿದ. ಕಡ್ಲೆ ತಲೆ ತಗ್ಗಿಸಿ, ಏನೂ ಆಗದವನ ಹಾಗೆ ಕೊತ್ತಂಬರಿ ದಂಟೊಂದನ್ನು ಬಾಯಿಗಿಟ್ಟುಕೊಂಡ. ಗುಂಡ ಬಂದು ಅವನ ಬಾಯಿಂದಲೇ ಅದನ್ನು ಎಳೆದುಕೊಂಡು ತಿಂದ. ಕಡ್ಲೆ ಇನ್ನೊಂದು ದಂಟು ಹಿಡಿದ. ಅಲ್ಲಿಗೆ ತೀರ್ಮಾನವಾಯಿತು.

ಯಾವಾಗ ಎದ್ದು ಹೋಗಬೇಕು?

ಹಲ್ಲು ಕಟಕಟ ಅನ್ನುವುದು, ಕತ್ತಿನ ಕೂದಲು ನಿಮಿರುವುದು, ಹಲ್ಲು ಕಾಣುವ ಹಾಗೆ ಬಾಯಿ ಅಗಲಿಸಿ ಆಕಳಿಸುವುದು ಎಚ್ಚರಿಕೆಯ ಗಂಟೆ. ಆಗ ಜೋರಾಗಿ ಚಪ್ಪಾಳೆ ತಟ್ಟಿ, ಇಲ್ಲವೇ ಹಸಿ ಸೊಪ್ಪು ಹಾಕಿ ಗಮನ ಬೇರೆಡೆ ತಿರುಗಿಸಿ. ಮುಖದ ಮೇಲೆ ಹಾರಿ ಕಚ್ಚಿದರೆ, ರಕ್ತ ಬಂದರೆ, ಎರಡೂ ಸುತ್ತಿಕೊಂಡು ಉರುಳಿದರೆ ಭೇಟಿ ಮುಗಿಯಿತು. ಟವಲ್ ಮೇಲೆ ಎಸೆಯಿರಿ, ನಡುವೆ ಮೊರ ತೂರಿಸಿ, ಟವಲ್ ಸಮೇತ ಒಂದನ್ನು ಎತ್ತಿಕೊಳ್ಳಿ. ಬರಿಗೈ ಬೇಡ, ನನ್ನ ಬೆರಳು ನೆನಪಿರಲಿ.

ಸಣ್ಣ ಗೀರಾದರೆ ಸಲೈನಿನಿಂದ ತೊಳೆಯಿರಿ. ಆಳವಾಗಿದ್ದರೆ, ಕಣ್ಣು ತುಟಿಯ ಹತ್ತಿರ ಇದ್ದರೆ ಅವತ್ತೇ ವೈದ್ಯರ ಬಳಿ ಹೋಗಿ. ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಕೀವು ತುಂಬುವ ಗಾಯಗಳು ಇವು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನು ಪುಡಿ ಮಾಡಿ ಕೊಡುವ ಸಾಹಸ ಖಂಡಿತ ಬೇಡ. ಪೆನಿಸಿಲಿನ್ ಜಾತಿಯ ಔಷಧಿ ಬಾಯಿಗೆ ಹಾಕಿದರೆ ಗಿನಿಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಜೀವಕ್ಕೇ ಬರಬಹುದು.

ಒಂದೇ ಗೂಡಿಗೆ

ಎಲ್ಲ ಸರಿಯಾಗಿ ನಡೆದರೆ ಎರಡು ಮೂರು ಗಂಟೆಯಲ್ಲಿ ಅಕ್ಕಪಕ್ಕ ತಿನ್ನತೊಡಗುತ್ತವೆ, ಒಂದು ಕಾಲು ಚಾಚಿ ಮಲಗಲೂಬಹುದು. ಅಷ್ಟರಲ್ಲಿ ಮನೆಯ ಇನ್ನೊಬ್ಬರು ದೊಡ್ಡ ಪಂಜರವನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಒರೆಸಿ, ಒಣಗಿಸಿ, ಹೊಸ ಹಾಸು ಹಾಕಿ, ಡಬ್ಬಗಳ ಜಾಗ ಬದಲಿಸಿರಲಿ. ಹಳೆಯವನ ವಾಸನೆ ಉಳಿದರೆ ‘ಇದು ನನ್ನ ಮನೆ’ ಅಂತ ಮತ್ತೆ ಶುರುಮಾಡುತ್ತಾನೆ. ಎರಡನ್ನೂ ಒಟ್ಟಿಗೇ ಒಳಗೆ ಬಿಡಿ. ಮೊದಲ ರಾತ್ರಿ ನಿಮಗೆ ನಿದ್ದೆ ಕಮ್ಮಿ. ಗುಟುರು, ಓಟ ಎರಡು ವಾರದವರೆಗೂ ಆಗಾಗ ಇರುತ್ತದೆ.

ವಾರಕ್ಕೊಮ್ಮೆ ಅಡುಗೆಮನೆಯ ತೂಕದ ಯಂತ್ರದಲ್ಲಿ ಎರಡನ್ನೂ ತೂಗಿ ಬರೆದಿಡಿ. ದೊಡ್ಡ ಗಂಡು ಒಂದು ಕಿಲೋ ಆಸುಪಾಸು ತೂಗುತ್ತದೆ. ಒಂದರದ್ದೇ ತೂಕ ಇಳಿಯುತ್ತಿದ್ದರೆ ಅದಕ್ಕೆ ತಿನ್ನಲು ಬಿಡುತ್ತಿಲ್ಲ ಅಂತಲೋ, ಕಾಯಿಲೆ ಅಂತಲೋ ಲೆಕ್ಕ. ಇವುಗಳ ಮೈ ನಮ್ಮಂತೆಯೇ ವಿಟಮಿನ್ ಸಿ ತಯಾರಿಸುವುದಿಲ್ಲ. ಹಾಗಾಗಿ ದಿನಾ ಒಂದು ಹೋಳು ದೊಣ್ಣೆಮೆಣಸಿನಕಾಯಿ ಇಬ್ಬರಿಗೂ ಸಿಗಲೇಬೇಕು, ಬೇರೆಬೇರೆ ಮೂಲೆಯಲ್ಲಿ.

ಬೇಸಿಗೆಯಲ್ಲಿ ಇನ್ನೊಂದು ತಂಟೆ. ಸೆಕೆ ಇವಕ್ಕೆ ತಡೆಯುವುದಿಲ್ಲ, ಬೆಂಗಳೂರಿನ ಏಪ್ರಿಲ್ಲೇ ಜಾಸ್ತಿಯಾಗುತ್ತದೆ, ರಾಯಚೂರು ಕಲಬುರಗಿಯ ಮಾತು ಬಿಡಿ. ತಂಪಾದ ಜಾಗ ಒಂದೇ ಇದ್ದರೆ ಅದಕ್ಕೇ ಜಗಳ. ನಾವು ಅಡುಗೆಕಟ್ಟೆ ಕೆಲಸದಲ್ಲಿ ಉಳಿದ ಕಡಪ ಕಲ್ಲಿನ ಎರಡು ತುಂಡು ಹಾಕಿದ್ದೇವೆ.

ಮರಿಯಾಗಿ ಬಂದವನು ನಾಲ್ಕೈದು ತಿಂಗಳಾದಾಗ ಯಜಮಾನಿಕೆಗೆ ಮತ್ತೆ ಕೈ ಹಾಕುತ್ತಾನೆ. ಗಾಬರಿ ಬೇಡ, ಜಾಗ ಹೆಚ್ಚಿಸಿ, ರಕ್ತ ಬರದಿದ್ದರೆ ಬಿಟ್ಟುಬಿಡಿ. ಒಂದು ವರ್ಷ ದಾಟುವ ಹೊತ್ತಿಗೆ ತಣ್ಣಗಾಗುವುದೇ ಹೆಚ್ಚು. ಎರಡು ಮೂರು ಸಲ ಪ್ರಯತ್ನಿಸಿದ ಮೇಲೂ ಕಚ್ಚಾಡಿದರೆ ಆ ಜೋಡಿಗೆ ಹೊಂದುವುದಿಲ್ಲ ಅಷ್ಟೇ. ಪಂಜರದ ನಡುವೆ ಜಾಲರಿ ಹಾಕಿ ಎರಡು ಭಾಗ ಮಾಡಿ. ಅಕ್ಕಪಕ್ಕದ ಮನೆಯವರ ಹಾಗೆ ಮಾತಾಡಿಕೊಂಡು ಇರುತ್ತವೆ.

ನಮ್ಮ ಕಡ್ಲೆ ಎರಡನೇ ಸುತ್ತಿಗೆ ಏಳನೇ ತಿಂಗಳಲ್ಲಿ ಇಳಿದ. ಮೂರು ದಿನ ಮನೆಯೆಲ್ಲ ಗುಟುರು. ಈಗ ಎಡಗಲ್ಲಿನ ಮೇಲೆ ಗುಂಡ, ಬಲಗಲ್ಲಿನ ಮೇಲೆ ಕಡ್ಲೆ. ಫ್ರಿಜ್ಜಿನ ಬಾಗಿಲು ತೆಗೆದ ಸದ್ದಾದರೆ ಇಬ್ಬರೂ ‘ವೀಕ್ ವೀಕ್’ ಅಂತ ಒಟ್ಟಿಗೇ ಕೂಗುತ್ತಾರೆ. ಮೊದಲು ಓಡಿಬರುವವನು ಗುಂಡ, ದಂಟು ಕಿತ್ತುಕೊಳ್ಳುವವನು ಈಗ ಕಡ್ಲೆ.