ಮಳೆ ಲೆಕ್ಕದ ಮೇಲ್ ಹೊರಡದೆ ಕೂತಾಗ

ಮೂಡಿಗೆರೆ ಹತ್ತಿರ ನಮ್ಮ ತೋಟದ ಮನೆಯಲ್ಲಿ, ಅಕ್ಕಿ ಡಬ್ಬದ ಪಕ್ಕ ಒಂದು ಹಳೇ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಡೆಬಿಯನ್ 12 (ಒಂದು ಲಿನಕ್ಸ್), ಮೇಲ್ ಕಳಿಸುವ ಪೋಸ್ಟ್‌ಫಿಕ್ಸ್ ಅನ್ನೋ ಸಾಫ್ಟ್‌ವೇರ್. ಅಪ್ಪ ಬೆಳಿಗ್ಗೆ ಅಳೆದು ಹೇಳುವ ಮಳೆಯ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕವನ್ನು ಬೆಂಗಳೂರಿನ ಅಕ್ಕನಿಗೆ ಕಳಿಸುವುದಷ್ಟೇ ಅದರ ಕೆಲಸ. ಜೂನ್‌ನಲ್ಲಿ ಇಂಟರ್ನೆಟ್ ಕನೆಕ್ಷನ್ ಬದಲಾಯಿಸಿದೆವು. ಮೂರನೇ ದಿನ ಅಕ್ಕನ ಫೋನು: "ಅಲ್ಲಿ ಮಳೆಯೇ ಇಲ್ವೇನೋ?" ಇಲ್ಲಿ ಹೆಂಚು ಹಾರುವ ಹಾಗೆ ಹೊಯ್ಯುತ್ತಿತ್ತು.

ನಾನು ಸೀದಾ ಪೋಸ್ಟ್‌ಫಿಕ್ಸ್ ಸೆಟ್ಟಿಂಗ್ ಫೈಲಿಗೆ ಕೈ ಹಾಕಿದೆ. ನೀವು ಹಾಗೆ ಮಾಡಬೇಡಿ. ಮೊದಲು 'ಮೇಲ್‌ಕ್ಯೂ' ಕಮಾಂಡ್ ಕೊಡಿ, ಹೊರಡಲು ಕಾದಿರುವ ಮೇಲ್‌ಗಳ ಸಾಲು (ಕ್ಯೂ) ಕಾಣುತ್ತದೆ. ನಿಂತುಹೋದ ಮೇಲ್ ಇದ್ದರೆ ಕಾರಣ ಅಲ್ಲೇ ಬರೆದಿರುತ್ತದೆ. ಕ್ಯೂ ಖಾಲಿ ಇದ್ದರೆ 'ಜರ್ನಲ್‌ಸಿಟಿಎಲ್'ನಲ್ಲಿ ಲಾಗ್ ನೋಡಿ. 'ಸೆಂಟ್' ಅಂತಿದ್ದರೆ (ಮಳೆಯ ಸೆಂಟ್ ಅಲ್ಲ!) ಆ ಕಡೆಯ ಸರ್ವರ್ ಮೇಲ್ ತೆಗೆದುಕೊಂಡಾಗಿದೆ, ಸ್ಪ್ಯಾಮ್ ಫೋಲ್ಡರ್ ಹುಡುಕಿ. 'ಬೌನ್ಸ್ಡ್' ಅಂದರೆ ವಾಪಸ್ ಬಂದಿದೆ. 'ಡಿಫರ್ಡ್' ಅಂದರೆ ಈಗ ಆಗಲಿಲ್ಲ, ಆಮೇಲೆ ನೋಡ್ತೀನಿ ಅಂತ. ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ 5 ದಿನ ಬಿಡದೆ ಪ್ರಯತ್ನಿಸುತ್ತದೆ.

ನನ್ನದು ಡಿಫರ್ಡ್, ಜೊತೆಗೆ 'ಕನೆಕ್ಷನ್ ಟೈಮ್ಡ್ ಔಟ್', ಪೋರ್ಟ್ 25 (ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಮೇಲ್ ಹೋಗುವ ಬಾಗಿಲು). ಟೆಲ್‌ನೆಟ್ ಕಮಾಂಡ್‌ನಿಂದ ಜಿಮೇಲ್‌ನ 25ನೇ ಪೋರ್ಟ್ ತಟ್ಟಿದೆ, ಉತ್ತರವೇ ಇಲ್ಲ. ಲಾಗಿನ್ ಆಗಿ ಮೇಲ್ ಕೊಡುವ ಬಾಗಿಲು 587 ತಟ್ಟಿದರೆ ತಕ್ಷಣ ತೆರೆಯಿತು. ಅಲ್ಲಿಗೆ ಗೊತ್ತಾಯ್ತಲ್ವಾ? ಹೊಸ ಕನೆಕ್ಷನ್‌ನಲ್ಲಿ 25 ಬಂದ್. ಸ್ಪ್ಯಾಮ್ ತಡೆಯಲು ಮನೆ ಕನೆಕ್ಷನ್‌ಗಳಲ್ಲಿ ಹೀಗೆ ಮಾಡುವುದುಂಟು. ಬೇಡಿಕೊಂಡು ತೆರೆಸಿದರೂ ಸುಮ್ನೆ ದಂಡ. ಮನೆಯ ಐಪಿಗೆ (ಇಂಟರ್ನೆಟ್ ವಿಳಾಸದ ಸಂಖ್ಯೆ) ಸಾಮಾನ್ಯವಾಗಿ ಸರಿಯಾದ ರಿವರ್ಸ್ ಡಿಎನ್‌ಎಸ್, ಅಂದರೆ ಆ ಸಂಖ್ಯೆ ಯಾವ ಹೆಸರಿನದು ಅಂತ ಹೇಳುವ ದಾಖಲೆ, ಇರುವುದಿಲ್ಲ, ದೊಡ್ಡ ಸರ್ವರ್‌ಗಳು ಅದನ್ನು ನಂಬುವುದಿಲ್ಲ.

ಹಾಗಾಗಿ ಜಿಮೇಲ್ ಮೂಲಕವೇ ಕಳಿಸಿ. ಸೆಟ್ಟಿಂಗ್ ಫೈಲಿನ 'ರಿಲೇಹೋಸ್ಟ್' ಸಾಲಿನಲ್ಲಿ ಜಿಮೇಲ್‌ನ ಎಸ್‌ಎಂಟಿಪಿ (ಮೇಲ್ ಕಳಿಸುವ) ಸರ್ವರ್ ಹೆಸರನ್ನು ಚೌಕ ಆವರಣದೊಳಗೆ ಹಾಕಿ, ಅದರ ಮುಂದೆ ಕೋಲನ್ ಇಟ್ಟು 587 ಕೊಡಿ. ಆವರಣ ಬಿಟ್ಟರೆ ಪೋಸ್ಟ್‌ಫಿಕ್ಸ್ ಆ ಹೆಸರಿನ ಎಂಎಕ್ಸ್ ರೆಕಾರ್ಡ್ (ಬರುವ ಮೇಲ್ ಯಾವ ಸರ್ವರ್‌ಗೆ ಅಂತ ಹೇಳುವ ದಾಖಲೆ) ಹುಡುಕಿಕೊಂಡು ಹೋಗುತ್ತದೆ. ಟಿಎಲ್‌ಎಸ್ (ಹೋಗುವ ಮಾಹಿತಿ ಗುಪ್ತವಾಗಿಡುವುದು), ಎಸ್‌ಎಎಸ್‌ಎಲ್ (ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವುದು) ಎರಡೂ ಆನ್ ಇರಲಿ. ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಅಕೌಂಟಿನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, 16 ಅಕ್ಷರದ ಆಪ್ ಪಾಸ್‌ವರ್ಡ್ ತೆಗೆದುಕೊಳ್ಳಿ. ಅದನ್ನು ಬರೆದಿಟ್ಟ ಪಾಸ್‌ವರ್ಡ್ ಫೈಲಿಗೆ 600 ಪರ್ಮಿಶನ್ (ಫೈಲಿನ ಮಾಲೀಕ ಮಾತ್ರ ಓದಿ ಬರೆಯುವಂತೆ) ಕೊಟ್ಟು, ಫೈಲನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ 'ಪೋಸ್ಟ್‌ಮ್ಯಾಪ್' ಓಡಿಸಿ. ಫೈಲ್ ತಿದ್ದಿದಾಗಲೆಲ್ಲ ಓಡಿಸಬೇಕು, ನಾನು ಎರಡು ಸಲ ಮರೆತೆ.

ಆಮೇಲೂ 'ನೋ ವರ್ದಿ ಮೆಕ್ಸ್ ಫೌಂಡ್' (ಲಾಗಿನ್ ಆಗಲು ತಕ್ಕ ವಿಧಾನ ಸಿಗಲಿಲ್ಲ) ಅಂತ ಬಂತು. ಅಷ್ಟರಲ್ಲಿ ಕರೆಂಟೂ ಹೋಯಿತು. ಹುಡುಕಿದರೆ ಎಸ್‌ಎಎಸ್‌ಎಲ್ ಮಾಡ್ಯೂಲ್ ಪ್ಯಾಕೇಜೇ ಹಾಕಿರಲಿಲ್ಲ. ಅದು ಇದ್ದೂ ಹೀಗೇ ಬಂದರೆ, ಎಸ್‌ಎಎಸ್‌ಎಲ್ ಸೆಕ್ಯುರಿಟಿ ಆಪ್ಶನ್ಸ್‌ನಲ್ಲಿ 'ನೋಅನಾನಿಮಸ್' ಒಂದನ್ನೇ ಉಳಿಸಿ.

ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ 'ಪೋಸ್ಟ್‌ಕ್ಯೂ -ಎಫ್' (ಕ್ಯೂನಲ್ಲಿರುವುದನ್ನೆಲ್ಲ ಈಗಲೇ ಕಳಿಸು ಅಂತ) ಕೊಟ್ಟೆ. ಮೂರು ದಿನದ ಮಳೆ ಒಟ್ಟಿಗೆ ಹೊರಟಿತು. ಕಳಿಸಿದವರ ಜಾಗದಲ್ಲಿ ಈಗ ಸರ್ವರ್ ಹೆಸರಿನ ಬದಲು ನನ್ನ ಜಿಮೇಲ್ ವಿಳಾಸ ಬರುತ್ತದೆ. ಅಕ್ಕ ಇನ್ನೂ ಗಮನಿಸಿಲ್ಲ.